ಕಾಶ್ಮೀರದ ಉಂಡೆ, ಹೊಸಪೇಟೆಯ ಒಲೆ

ಅಡುಗೆಯ ಮಾತನ್ನು ಗ್ರಂಥಕ್ಕೆ ಏರಿಸಿದವರು ಕನ್ನಡದಲ್ಲಿ ಇಲ್ಲದಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಬಾವಿ, ಗಿಡಮರ, ಗಂಧದ್ರವ್ಯಗಳ ಜೊತೆಗೆ ಅಡುಗೆಗೂ ಒಂದು ಭಾಗವನ್ನು ಕೊಟ್ಟನು. 1508ರ ಸುಮಾರಿನಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕೃತಿಯನ್ನೇ ಷಟ್ಪದಿಯಲ್ಲಿ ರಚಿಸಿದನು. ಎರಡರಲ್ಲಿಯೂ ಬರುವುದು ಸಸ್ಯಾಹಾರ. ಮಾಂಸದ ಪಾಕವನ್ನು ಓದಬೇಕೆನ್ನುವವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣಕ್ಕೆ ಹೋಗಬೇಕು. ಅದು ಸುಮಾರು 1130ರದು, ಸಂಸ್ಕೃತದಲ್ಲಿದೆ. ಕನ್ನಡನಾಡಿನ ದೊರೆ ಸಂಸ್ಕೃತದಲ್ಲಿ ಬರೆದನು, ಕನ್ನಡ ಕವಿ ಕುರಿಯ ಗೊಡವೆಗೆ ಹೋಗಲಿಲ್ಲ. ನಡುವೆ ಉಳಿದ ನಮ್ಮ ಮಾಂಸದಡಿಗೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿಯೇ ನಡೆದುಬಂದಿತು. ಬಾಯಿಮಾತಿನ ವಿದ್ಯೆಗೆ ಒಂದು ತೊಡಕುಂಟು. 'ಹದ ನೋಡಿಕೊಂಡು' ಎಂಬೆರಡು ಮಾತಿನಲ್ಲಿ ಅರ್ಧ ಶಾಸ್ತ್ರ ಅಡಗಿರುತ್ತದೆ. ಹೇಳುವವರು ಹೋದರೆ ಆ ಹದವೂ ಅವರೊಡನೆ ಹೋಗುತ್ತದೆ.

ಅಂಥ ಎರಡು ಹದಗಳನ್ನು ಬಿಡಿಸಿ ಹೇಳುವುದಕ್ಕೆಂದು ಇಲ್ಲಿ ಕಾಶ್ಮೀರದ ಒಂದು ಪಾಕವನ್ನು ಆರಿಸಿಕೊಂಡಿದ್ದೇನೆ. ಕುಟ್ಟಿದ ಕುರಿಮಾಂಸದ ಉಂಡೆಗಳನ್ನು ಮೊಸರಿನ ಬೆಳ್ಳನೆಯ ಗಟ್ಟಿ ಸಾರಿನಲ್ಲಿ ಬೇಯಿಸುವ ಪಾಕ ಅದು. ಇಲ್ಲಿ ಉಂಡೆ ಬಿಡಬಾರದು, ಮೊಸರು ಒಡೆಯಬಾರದು. ಇವೆರಡನ್ನು ಗೆದ್ದರೆ ಉಳಿದದ್ದೆಲ್ಲ ಸುಲಭ. ಇವೆರಡರಲ್ಲಿ ಒಂದು ತಪ್ಪಿದರೂ ಏಲಕ್ಕಿ, ಕೇಸರಿ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಹೋಟೆಲುಗಳ ಪಟ್ಟಿಯಲ್ಲಿ 'ಕಾಶ್ಮೀರಿ' ಎಂಬ ವಿಶೇಷಣ ಹೊತ್ತು ಬರುವ, ಗೋಡಂಬಿ ಅರೆದು ಸಕ್ಕರೆ ಬೆರೆಸಿ ಮೇಲೆ ಒಣದ್ರಾಕ್ಷಿ ಉದುರಿಸಿದ ಪದಾರ್ಥಕ್ಕೂ ಇದಕ್ಕೂ ನಂಟು ಕಡಮೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆಸರು ಮಾತ್ರ ಅದರದಲ್ಲ.

ಕಾಶ್ಮೀರದಲ್ಲಿ ಮದುವೆ ಮೊದಲಾದ ದೊಡ್ಡ ಕಾರ್ಯಗಳಲ್ಲಿ ಬಡಿಸುವ ಮಾಂಸದೂಟಕ್ಕೆ ವಾಜ್ವಾನ್ ಎಂದು ಹೆಸರು. ಅದನ್ನು ಮಾಡುವ ಬಾಣಸಿಗನು ವಾಜಾ. ತಂದೆಯಿಂದ ಮಗನಿಗೆ ಬರುವ ಕಸುಬು ಅದು. ತ್ರಾಮಿ ಎಂಬ, ಕಲಾಯಿ ಹಾಕಿದ ದೊಡ್ಡ ತಾಮ್ರದ ಹರಿವಾಣದಲ್ಲಿ ಅನ್ನ ಹರಡಿ, ಅದರ ಸುತ್ತ ನಾಲ್ವರು ಕುಳಿತು ಒಂದೇ ಹರಿವಾಣದಿಂದ ಉಣ್ಣುತ್ತಾರೆ. ಪದಾರ್ಥಗಳು ಒಂದಾದ ಮೇಲೊಂದು ಬರುತ್ತವೆ. ಅವುಗಳಲ್ಲಿ ಉಂಡೆಗಳು ಎರಡು ಬಗೆ. ಕೆಂಪು ಸಾರಿನಲ್ಲಿ ಬರುವ ಚಿಕ್ಕ ಉಂಡೆ ರಿಸ್ತಾ. ಮೊಸರಿನ ಬಿಳಿಯ ಸಾರಿನಲ್ಲಿ ಬರುವ ದೊಡ್ಡ ಉಂಡೆ ಗೋಶ್ತಾಬಾ. ಗೋಶ್ತಾಬಾ ಬಂದಿತೆಂದರೆ ಊಟ ಮುಗಿಯಿತೆಂದು ಅರ್ಥ, ನಮ್ಮ ಪಂಕ್ತಿಯಲ್ಲಿ ಮಜ್ಜಿಗೆ ಬಂದ ಹಾಗೆ. ಎರಡು ಕಡೆಯೂ ಊಟವನ್ನು ಮೊಸರಿನಿಂದಲೇ ಮುಗಿಸುವುದು ಒಂದು ಸ್ವಾರಸ್ಯ.

ಶಬ್ದದ ಮಾತು ಬಂದಾಗ ಪಂಡಿತನ ನಾಲಗೆ ಸುಮ್ಮನಿರದು. ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ. 'ಕೋಫ್ತಾ' ಎಂಬುದು ಪಾರಸಿಯಲ್ಲಿ ಕುಟ್ಟು, ಜಜ್ಜು ಎಂಬರ್ಥದ ಧಾತುವಿನಿಂದ ಬಂದದ್ದು; ನಾವು ಹೇಳುವ 'ಖೀಮಾ', 'ಕೈಮ' ಎಂಬುದರ ಮೂಲ ತುರ್ಕಿಯಲ್ಲಿ ಕೊಚ್ಚುವುದಕ್ಕಿರುವ ಮಾತು. ನಮ್ಮ 'ಕುಟ್ಟು' ಎಂಬ ಧಾತು ಕೋಫ್ತಾಕ್ಕೆ ಕಿವಿಯಲ್ಲಿ ಹತ್ತಿರವಾಗಿ ಕೇಳಿಸುತ್ತದೆಯಾದರೂ ಕಿವಿಯ ಸಾಕ್ಷಿಯೊಂದರಿಂದಲೇ ಭಾಷೆಗಳಿಗೆ ನೆಂಟಸ್ತನ ಕಟ್ಟಬಾರದು. ಆದರೆ ಕುಟ್ಟುವುದು ಬೇರೆ, ಕೊಚ್ಚುವುದು ಬೇರೆ ಎಂಬ ಭೇದವನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಈ ಅಡುಗೆಯ ಮೊದಲನೆಯ ಗುಟ್ಟು ಅದರಲ್ಲಿದೆ.

ಕುರಿಮಾಂಸ ನಮ್ಮ ಈ ನೆಲಕ್ಕೆ ಪರಕೀಯವೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ದಿನವೂ ಕೊಯ್ಯುವ ಕುರಿಗಳಿಗೆ ಲೆಕ್ಕವಿಲ್ಲವೆಂದೂ ಬೀದಿಬೀದಿಯಲ್ಲಿ ಅದನ್ನು ಮಾರುವವರಿದ್ದಾರೆಂದೂ ಬರೆದಿದ್ದಾನೆ. ಆ ಮಾಂಸವು ಎಷ್ಟು ಶುಭ್ರವಾಗಿ, ಕೊಬ್ಬಿನಿಂದ ಕೂಡಿ ಇತ್ತೆಂಬುದನ್ನು ಹೇಳಲು ಅವನು ತನ್ನ ನಾಡಿನ ಹಂದಿಮಾಂಸದ ಹೋಲಿಕೆಯನ್ನು ಕೊಡುತ್ತಾನೆ. 1535ರ ಸುಮಾರಿನ ನೂನಿಜ್ ಕೂಡ ಅರಮನೆಯವರು ತಿನ್ನುತ್ತಿದ್ದ ಮಾಂಸಗಳ ಉದ್ದನೆಯ ಪಟ್ಟಿಯಲ್ಲಿ ಕುರಿಯನ್ನು ಸೇರಿಸಿದ್ದಾನೆ. ಇವರಿಬ್ಬರ ಬರಹಗಳನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದನು. ಅದೇ ಪಟ್ಟಣದಲ್ಲಿ ಎರಡನೆಯ ದೇವರಾಯನ ಸೇವಕನಾಗಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಧರ್ಮಶಾಲೆ ತಳವಾರಘಟ್ಟದ ದಾರಿಯಲ್ಲಿ ಇಂದಿಗೂ ನಿಂತಿದೆ. ಪಾರಸಿ ಹೆಸರಿನ ಅಡುಗೆಯನ್ನು ಕಂಡು ನಮ್ಮ ಕಡೆಯವರು ಬೆದರಬೇಕಾದದ್ದಿಲ್ಲವೆಂದು ಹೇಳಲು ಇಷ್ಟು ಸಾಕು. ಹಂಪೆಯ ವಿರೂಪಾಕ್ಷನ ಗುಡಿಯ ಆಸುಪಾಸಿನಲ್ಲಿ ಈಗ ಮಾಂಸದಡಿಗೆ ಇಲ್ಲ. ಹೊಸಪೇಟೆಯ ಪೇಟೆಗೆ ಬಂದರೆ ಬೇಕಾದುದೆಲ್ಲ ಸಿಗುತ್ತದೆ.

ಕುರಿಯೂ ನಮ್ಮದೇ. ಬಳ್ಳಾರಿ ಎಂಬ ಹೆಸರಿನಿಂದಲೇ ಒಂದು ಕುರಿತಳಿ ಇದೆ. ಒರಟು ಉಣ್ಣೆಯ, ಕಂಬಳಿಗೆ ಒದಗುವ ತಳಿ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುವುದನ್ನು ಕಂಪ್ಲಿಯ ಕಡೆ ಹೋದವರು ಕಂಡಿರುತ್ತಾರೆ. ಸಂಡೂರಿನ ಗುಡ್ಡಗಳ ತಪ್ಪಲಿನ ತಾಂಡಾಗಳಲ್ಲಿ ಲಂಬಾಣಿಯವರು ಮಾಡುವ ಸಳೋಯಿ ಬೇರೆಯೇ ಒಂದು ವಿದ್ಯೆ. ಅದಕ್ಕೆ ಇನ್ನೊಂದು ಲೇಖನ ಬೇಕು. ನಮ್ಮ ಕುರಿ ದಿನವೆಲ್ಲ ನಡೆದು ಮೇಯುವ ಪ್ರಾಣಿಯಾದುದರಿಂದ ಮೈ ಬಿಗಿ, ತೊಡೆಯಲ್ಲಿ ಕೊಬ್ಬು ಕಡಮೆ. ಆಡಿನ ಮಾಂಸದಲ್ಲಿ ಇನ್ನೂ ಕಡಮೆ. ಆದಕಾರಣ ಕಟುಕರವನಿಗೆ ಮೊದಲೇ ಹೇಳಿ, ಎಳೆಯ ಕುರಿಯ ಹಿಂದೊಡೆಯ ಮಾಂಸವನ್ನು ಎಲುಬು ತೆಗೆಸಿ ಅರ್ಧ ಕಿಲೋ, ಬಿಳಿಯ ಗಟ್ಟಿ ಕೊಬ್ಬನ್ನು ಪ್ರತ್ಯೇಕವಾಗಿ ನೂರು ಗ್ರಾಂ ತರಬೇಕು. ತೆಗೆದ ಎಲುಬನ್ನು ಬಿಟ್ಟುಬರಬೇಡಿ; ಅದರ ಕೆಲಸ ಮುಂದೆ ಇದೆ. ಕೊಬ್ಬನ್ನು ಕಂಡರೆ ಹೆದರುವ ಕಾಲವಿದು. ಕೊಬ್ಬಿಲ್ಲದೆ ಕಟ್ಟಿದ ಉಂಡೆ ಮಾತ್ರ ಬೆಂದಮೇಲೆ ರಬ್ಬರಿನಂತೆ ಹಲ್ಲಿಗೆ ಸಿಕ್ಕುತ್ತದೆ. ಹೆದರುವವರು ಎರಡು ಉಂಡೆ ಕಡಮೆ ತಿಂದರಾಯಿತು, ಕೊಬ್ಬನ್ನು ಕಡಮೆ ಮಾಡಬಾರದು.

ಈಗ ಕುಟ್ಟುವ ಮಾತು. ಹಳೆಯ ಮೈಸೂರಿನ ಕಡೆ ಮಾಡುವ ಕೈಮ ಉಂಡೆಯ ಸಾರು ಎಲ್ಲರಿಗೂ ಗೊತ್ತು. ಅದರಲ್ಲಿ ಕೊಚ್ಚಿದ ಮಾಂಸಕ್ಕೆ ಹುರಿಗಡಲೆಯ ಹಿಟ್ಟನ್ನು, ಎಂದರೆ ನಮ್ಮ ಕಡೆಯವರು ಪುಟಾಣಿ ಎನ್ನುವುದನ್ನು, ತೆಂಗಿನಕಾಯಿಯನ್ನು ಸೇರಿಸಿ ಕಟ್ಟುತ್ತಾರೆ. ಅಲ್ಲಿ ಉಂಡೆಯನ್ನು ಹಿಡಿದಿಡುವುದು ಹಿಟ್ಟು. ಕಾಶ್ಮೀರದ ಉಂಡೆಗೆ ಹಿಟ್ಟಿಲ್ಲ, ಬ್ರೆಡ್ಡಿಲ್ಲ; ಮಾಂಸವೇ ಮಾಂಸವನ್ನು ಹಿಡಿಯಬೇಕು. ಅದು ಹೇಗೆಂದರೆ, ಮಾಂಸದ ಎಳೆಗಳಲ್ಲಿ ಮಯೋಸಿನ್ ಎಂಬ ಪ್ರೋಟೀನು ಇರುತ್ತದೆ. ಉಪ್ಪು ಸೇರಿಸಿ ಜಜ್ಜಿದಾಗ ಎಳೆಗಳು ಬಿಚ್ಚಿ ಅದು ಹೊರಬಂದು ಅಂಟಿನಂತಾಗುತ್ತದೆ. ಕಾವು ತಗುಲಿದೊಡನೆ ಆ ಅಂಟು ಗಟ್ಟಿಯಾಗಿ, ಬಲೆ ಹೆಣೆದಂತೆ ಕೊಬ್ಬನ್ನೂ ನೀರನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಕತ್ತಿಯಿಂದಾಗಲಿ ಯಂತ್ರದಿಂದಾಗಲಿ ಬರಿದೆ ಕೊಚ್ಚಿದರೆ ಎಳೆ ತುಂಡಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಅದಕ್ಕಾಗಿಯೇ ವಾಜಾನು ಚಪ್ಪಟೆ ಕಲ್ಲಿನ ಮೇಲೆ ಮಾಂಸವನ್ನಿಟ್ಟು ಮರದ ಕೊಡತಿಯಿಂದ ತಾಸುಗಟ್ಟಲೆ ಬಡಿಯುತ್ತಾನೆ. ಬಡಿಯುತ್ತ ನರವನ್ನೂ ಪೊರೆಯನ್ನೂ ಬೆರಳಿನಿಂದ ಆರಿಸಿ ತೆಗೆಯುತ್ತಾನೆ.

ವಾಜಾನು ಇನ್ನೊಂದು ಹಟ ಹಿಡಿಯುತ್ತಾನೆ: ಮಾಂಸ ಆಗತಾನೆ ಕೊಯ್ದದ್ದಾಗಿರಬೇಕು, ಬಿಸಿ ಆರಿರಬಾರದು. ಇದಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಪ್ರಾಣಿಯನ್ನು ಕೊಯ್ದು ಕೆಲವು ತಾಸುಗಳಾದ ಮೇಲೆ ಮಾಂಸ ಸೆಟೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಕುಟ್ಟಿದರೆ ಆ ಅಂಟು ಹೆಚ್ಚಾಗಿ ಬಿಡುತ್ತದೆ. ಪೇಟೆಯಿಂದ ತರುವ ನಮಗೆ ಅಂಥ ಮಾಂಸ ಸಿಕ್ಕುವುದು ಅಪರೂಪ. ಅಲ್ಲದೆ ಅಲ್ಲಿಯ ತಂಪು ಹವೆ ನಮ್ಮಲ್ಲಿಲ್ಲ. ಆದ್ದರಿಂದ ನಾವು ಬೇರೆ ದಾರಿ ಹಿಡಿಯಬೇಕು, ಎಂದರೆ ಮಾಂಸವನ್ನು ಚೆನ್ನಾಗಿ ತಣ್ಣಗೆ ಮಾಡಿಕೊಂಡು ಕುಟ್ಟಬೇಕು. ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಕೊಬ್ಬು ಕೈಯಲ್ಲಿಯೇ ಕರಗಲಾರಂಭಿಸುತ್ತದೆ. ಕರಗಿದ ಕೊಬ್ಬು ಎಳೆಗಳಿಗೆ ಎಣ್ಣೆಯಂತೆ ಬಳಿದುಕೊಂಡರೆ ಅಂಟು ಹಿಡಿಯುವುದೇ ಇಲ್ಲ.

ನಾನು ಬಲ್ಲ ಕಂಪ್ಲಿಯ ಮನೆಯೊಂದರಲ್ಲಿ ಬೀಗರೂಟಕ್ಕೆಂದು ನಾಲ್ಕು ಕಿಲೋ ಕೈಮ ತರಿಸಿ ಈ ಉಂಡೆಗಳನ್ನು ಮಾಡಹೊರಟರು. ಅಂಗಡಿಯ ಯಂತ್ರದಲ್ಲಿ ಕೊಚ್ಚಿಸಿದ ಮಾಂಸ. ಅದನ್ನು ಮನೆಗೆ ತಂದು, ಶುದ್ಧವಾಗಲೆಂದು ಎರಡೆರಡು ಸಲ ನೀರಿನಲ್ಲಿ ತೊಳೆದರು.  ಉಳಿದದ್ದು ನೀರು ಕುಡಿದ ಕೈಮ. ಕುದಿಯುವ ಸಾರಿಗೆ ಬಿಟ್ಟ ಉಂಡೆಗಳು ಕಾಲು ಗಂಟೆಯೊಳಗೆ ಬಿಚ್ಚಿಕೊಂಡು ಪಾತ್ರೆಯ ತುಂಬ ಪುಡಿಯಾದವು. ಬೀಗರು ಕೈತೊಳೆದು ಕುಳಿತಿದ್ದಾರೆ! ಆ ಮನೆಯ ಹಿರಿಯ ಹೆಂಗಸು ಧೈರ್ಯಗೆಡದೆ ಅದಕ್ಕೆ ಇನ್ನಷ್ಟು ಖಾರದಪುಡಿ, ಕೊತ್ತಂಬರಿ ಸೇರಿಸಿ 'ಖೀಮಾ ಸಾರು' ಎಂದು ಬಡಿಸಿ ಮಾನ ಉಳಿಸಿಕೊಂಡರೆನ್ನಿ. ಮಾಂಸದ ಇಂದಿನ ಬೆಲೆಯಲ್ಲಿ ನಾಲ್ಕು ಕಿಲೋ ಎಂದರೆ ಸಂಬಳದವನ ಮನೆಗೆ ಸಣ್ಣ ಮಾತಲ್ಲ. ತೊಳೆಯಬೇಕಾದದ್ದು ಇಡಿಯ ತುಂಡನ್ನು. ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಿ, ಆಮೇಲೆ ಕೊಚ್ಚಬೇಕು. ಕೊಚ್ಚಿದ ಮೇಲೆ ಒಂದು ಹನಿ ನೀರೂ ಸೋಕಬಾರದು.

ಕೈಕೆಲಸ ಹೀಗೆ. ಮಾಂಸದ ನರ, ಪೊರೆಗಳನ್ನು ಬಿಡಿಸಿ ಸಣ್ಣ ತುಂಡುಗಳನ್ನಾಗಿ ಮಾಡಿ, ಕೊಬ್ಬಿನೊಡನೆ ತಂಪುಪೆಟ್ಟಿಗೆಯಲ್ಲಿ ಒಂದು ಗಂಟೆ ಇಡಿ. ಕಲ್ಲಿನ ಒರಳು, ಒನಕೆ ಮನೆಯಲ್ಲಿದ್ದರೆ ಭಾಗ್ಯ. ಒರಳಿಗೆ ಮೊದಲು ತಣ್ಣೀರು ಹಾಕಿಟ್ಟು ತಣಿಸಿ ಒರೆಸಿಕೊಳ್ಳಿ. ಒಂದು ಚಹಾ ಚಮಚೆ ಉಪ್ಪು, ನಾಲ್ಕು ಏಲಕ್ಕಿಯ ಕಾಳಿನ ಪುಡಿ, ಒಂದು ಚಮಚೆ ಸೋಂಪಿನ ಪುಡಿ, ಅರ್ಧ ಚಮಚೆ ಒಣಶುಂಠಿ ಸೇರಿಸಿ, ಒಂದು ಹಿಡಿ ಒಂದು ಹಿಡಿಯಾಗಿ ಕುಟ್ಟುತ್ತ ಹೋಗಬೇಕು. ಮಾಂಸ ನುಣ್ಣಗಾದ ಮೇಲೆ ಕೊಬ್ಬನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಒರಳಿಲ್ಲದವರು ಮಿಕ್ಸರಿನ ಸಣ್ಣ ಪಾತ್ರೆಯಲ್ಲಿ ಕ್ಷಣ ತಿರುಗಿಸಿ, ಕ್ಷಣ ನಿಲ್ಲಿಸಿ ಮಾಡಬಹುದು. ಪಾತ್ರೆ ಬಿಸಿಯಾದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಅನಂತರ ಅಗಲವಾದ ತಟ್ಟೆಗೆ ಹಾಕಿ, ಎರಡು ಚಮಚೆ ಮಂಜುಗಡ್ಡೆಯ ನೀರನ್ನು ಚಿಮುಕಿಸುತ್ತ, ಅಂಗೈಯ ಬುಡದಿಂದ ಹತ್ತು ನಿಮಿಷ ಹೋಳಿಗೆಯ ಕಣಕದಂತೆ ನಾದಬೇಕು. ತೊಳೆಯುವಾಗ ಬೇಡವೆಂದ ನೀರನ್ನು ಈಗ ನಾನೇ ಹಾಕಿಸುತ್ತಿದ್ದೇನೆಂದು ಯಾರೂ ಆಕ್ಷೇಪಿಸಬಾರದು. ಉಪ್ಪು ಹಿಡಿದು ಅಂಟು ಬಂದ ಮೇಲೆ ಸೇರಿದ ನೀರು ಹೊರಗೆ ಹೋಗುವುದಿಲ್ಲ, ಉಂಡೆಯನ್ನು ಮಿದುವಾಗಿಸುತ್ತದೆ. ಹದ ಬಂದಿತೆಂದು ತಿಳಿಯುವುದು ಹೇಗೆ? ಒಂದು ಚೂರನ್ನು ಅಂಗೈಗೆ ಮೆತ್ತಿ ಕೈಯನ್ನು ಬೋರಲು ಮಾಡಿ. ಬೀಳದೆ ಅಂಟಿಕೊಂಡು ನಿಂತರೆ ಬಂದಿದೆ. ಅಜ್ಜಿಯರ 'ಹದ ನೋಡಿಕೊಂಡು' ಎಂಬುದಕ್ಕೆ ಇಲ್ಲಿ ಇದೇ ಅರ್ಥ.

ಒದ್ದೆ ಕೈಯಿಂದ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರೆ ಹನ್ನೆರಡು ಹದಿಮೂರು ಆಗುತ್ತವೆ. ಬಿರುಕಿಲ್ಲದಂತೆ, ನುಣುಪಾಗಿ ಕಟ್ಟಬೇಕು. ಅಷ್ಟರಲ್ಲಿ ಬಿಟ್ಟುಬರಬೇಡಿರೆಂದು ಹೇಳಿದ ಎಲುಬನ್ನು ಒಂದೂವರೆ ಲೀಟರು ನೀರಿನಲ್ಲಿ ಎರಡು ದೊಡ್ಡ ಏಲಕ್ಕಿ, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ, ಸ್ವಲ್ಪ ಉಪ್ಪಿನೊಡನೆ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ ಸೋಸಿಟ್ಟುಕೊಂಡಿರಬೇಕು. ಈ ಕಟ್ಟು ಸಣ್ಣಗೆ ಕುದಿಯುತ್ತಿರುವಾಗ ಮೊದಲು ಒಂದೇ ಒಂದು ಉಂಡೆಯನ್ನು ಬಿಟ್ಟು ನೋಡುವುದು ಲೇಸು. ಅದು ಹತ್ತು ನಿಮಿಷ ಗಟ್ಟಿಯಾಗಿ ನಿಂತರೆ ಉಳಿದವನ್ನೂ ಬಿಡಿ. ಬಿಚ್ಚುವ ಲಕ್ಷಣ ಕಂಡರೆ ಮಿಕ್ಕ ಮಾಂಸವನ್ನು ಇನ್ನಷ್ಟು ನಾದಿ. ಅದಕ್ಕೂ ಜಗ್ಗದಿದ್ದರೆ ಎರಡು ಚಮಚೆ ಪುಟಾಣಿಹಿಟ್ಟು ಬೆರೆಸಿ. ಕಾಶ್ಮೀರದವರು ಒಪ್ಪಲಾರರು, ನಿಮ್ಮ ನೆಂಟರು ಒಪ್ಪುತ್ತಾರೆ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಉಂಡೆಗಳು ಉಬ್ಬಿ ಮೇಲೆ ತೇಲುತ್ತವೆ. ತೆಗೆದು ತಟ್ಟೆಯಲ್ಲಿ ಮುಚ್ಚಿಡಿ. ಕಟ್ಟನ್ನು ಚೆಲ್ಲಬೇಡಿ.

ಎರಡನೆಯ ಹದ ಮೊಸರಿನದು. ಮಜ್ಜಿಗೆಹುಳಿ ಮಾಡುವ ಯಾವ ಗೃಹಿಣಿಗೂ ಮೊಸರು ಒಡೆಯುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹಾಲಿನ ಕೇಸಿನ್ ಎಂಬ ಪ್ರೋಟೀನು ಹುಳಿಯಿಂದ ಆಗಲೇ ಹೆಪ್ಪುಗಟ್ಟಿ ಮೊಸರಾಗಿರುತ್ತದೆ. ಅದಕ್ಕೆ ಒಮ್ಮೆಲೆ ಕಾವು ತಗುಲಿದರೆ ಹೆಪ್ಪು ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ; ಸಾರಿನಲ್ಲಿ ಬಿಳಿಯ ಕಾಳು ಬೇರೆ, ನೀರು ಬೇರೆ. ನಮ್ಮವರು ಇದಕ್ಕೆ ಕಂಡುಕೊಂಡ ಉಪಾಯ ನೆನೆಸಿದ ಕಡಲೆಬೇಳೆಯನ್ನು ಕಾಯಿಯೊಡನೆ ಅರೆದು ಸೇರಿಸುವುದು. ಬೇಳೆಯ ಪಿಷ್ಟವು ಬಿಸಿಯಲ್ಲಿ ಉಬ್ಬಿ ಕೇಸಿನ್ನಿನ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ, ಅವು ಒಂದಕ್ಕೊಂದು ಅಂಟಿ ಗಂಟಾಗಲು ಬಿಡುವುದಿಲ್ಲ. ಕಾಶ್ಮೀರದವನು ನೆಚ್ಚುವುದು ಮುಖ್ಯವಾಗಿ ತನ್ನ ತೋಳನ್ನು. ಮೊಸರನ್ನು ತಣ್ಣಗಿರುವಾಗಲೇ ಒಲೆಗೆ ಇಟ್ಟು, ಕುದಿ ಬರುವ ತನಕ ಸೌಟನ್ನು ನಿಲ್ಲಿಸದೆ ತಿರುವುತ್ತಾನೆ. ಉಪಾಯ ಬೇರೆ, ಗುರಿ ಒಂದೇ. ನಾವು ಎರಡನ್ನೂ ಕೂಡಿಸಿಕೊಂಡರೆ ನಷ್ಟವಿಲ್ಲ.

ಎರಡು ದೊಡ್ಡ ಲೋಟದಷ್ಟು, ಎಂದರೆ ಸುಮಾರು ನಾನೂರು ಗ್ರಾಂ, ಗಟ್ಟಿ ಮೊಸರು ಬೇಕು. ಕೆನೆ ತೆಗೆಯದ ಹಾಲಿನದಾಗಿರಬೇಕು; ಅಂದೇ ಹೆತ್ತದ್ದು, ಹುಳಿಯೇರದ್ದು. ಬೇಸಗೆಯಲ್ಲಿ ರಾತ್ರಿ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ನಮ್ಮ ಊರಲ್ಲಿ ಹುಳಿಯಾಗಿರುತ್ತದೆ, ಆದ್ದರಿಂದ ಬೆಳಗ್ಗೆ ಹಾಕಿ ಮಧ್ಯಾಹ್ನಕ್ಕೆ ತೆಗೆದುಕೊಳ್ಳಿ. ಒಂದು ಚಮಚೆ ಅಕ್ಕಿಹಿಟ್ಟು ಸೇರಿಸಿ ಗಂಟಿಲ್ಲದಂತೆ ಕಡೆದು, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು ಮರದ ಸೌಟಿನಿಂದ ತಿರುವಲಾರಂಭಿಸಿ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಬಾಗಿಲು ಬಡಿದರೂ ಏಳಬಾರದು, ರೇಡಿಯೋದ ಗುಂಡಿಯನ್ನು ತಿರುಗಿಸಲೂ ಹೋಗಬಾರದು. ಒಳ್ಳೆಯ ಕಾರ್ಯಕ್ರಮವಿದ್ದರೆ ಮೊದಲೇ ಹಾಕಿಟ್ಟುಕೊಂಡು ಕೇಳುತ್ತ ತಿರುವಬಹುದು. ಈಗ ಉಪ್ಪು ಹಾಕಬೇಡಿ. ಒಂದು ಕುದಿ ಬಂದು ಮೊಸರು ನುಣ್ಣಗೆ, ಹೊಳಪಾಗಿ ಸೌಟಿಗೆ ಹತ್ತಿದರೆ ಗಂಡಾಂತರ ಕಳೆಯಿತು. ಆಮೇಲೆ ಎರಡು ಲೋಟ ಬಿಸಿ ಕಟ್ಟು, ಎರಡು ಚಮಚೆ ಸೋಂಪಿನ ಪುಡಿ, ಒಂದು ಚಮಚೆ ಒಣಶುಂಠಿ, ನಾಲ್ಕು ಜಜ್ಜಿದ ಏಲಕ್ಕಿ ಸೇರಿಸಿ ಉಂಡೆಗಳನ್ನು ಬಿಟ್ಟು, ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ ಉಪ್ಪು ನೋಡಿ. ಎರಡು ಚಮಚೆ ತುಪ್ಪದಲ್ಲಿ ಚಿಟಿಕೆ ಜೀರಿಗೆ ಒಗ್ಗರಣೆ ಹಾಕಿ, ಇಳಿಸುವ ಮೊದಲು ಒಣಗಿಸಿದ ಪುದೀನದ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಬೇಕು. ಸಾರು ಇನ್ನೂ ಕೊಬ್ಬಿರಬೇಕೆನ್ನುವವರು ಕಡೆಯಲ್ಲಿ ಎರಡು ಚಮಚೆ ಹಾಲಿನ ಕೆನೆಯನ್ನು ಕಡೆದು ಸೇರಿಸಲಿ. ನನ್ನ ಮಟ್ಟಿಗೆ ಎಲುಬಿನ ಕಟ್ಟು ಚೆನ್ನಾಗಿದ್ದರೆ ಕೆನೆ ಬೇಕಾಗುವುದಿಲ್ಲ.

ಎಷ್ಟು ಎಚ್ಚರವಿದ್ದರೂ ಮೊಸರು ಒಡೆದರೆ? ಉಂಡೆಗಳನ್ನು ತೆಗೆದಿಟ್ಟು, ಸಾರು ಸ್ವಲ್ಪ ಆರಿದ ಮೇಲೆ ಒಂದು ಚಮಚೆ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬೆರೆಸಿ ಮಿಕ್ಸರಿನಲ್ಲಿ ತಿರುಗಿಸಿ ಮತ್ತೆ ಸಣ್ಣ ಉರಿಗೆ ಇಡಿ. ಮೊದಲಿನ ಹೊಳಪು ಬಾರದು; ಎಲೆಗೆ ಬಡಿಸುವಷ್ಟು ಒಪ್ಪವಾಗುತ್ತದೆ.

ಬೆಳ್ಳುಳ್ಳಿ, ಉಳ್ಳಾಗಡ್ಡಿಗಳ ಹೆಸರೇ ಬರಲಿಲ್ಲವೆಂದು ಕೆಲವರಿಗೆ ಸೋಜಿಗವಾಗಿರಬಹುದು. ಕಾಶ್ಮೀರದ ಪಂಡಿತರು, ಎಂದರೆ ಅಲ್ಲಿಯ ಬ್ರಾಹ್ಮಣರು, ಕುರಿಮಾಂಸವನ್ನು ತಿನ್ನುತ್ತಾರೆ, ಆದರೆ ಸಂಪ್ರದಾಯದ ಅಡುಗೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಗಳನ್ನು ಮುಟ್ಟುವುದಿಲ್ಲ. ಇಂಗು, ಸೋಂಪು, ಒಣಶುಂಠಿಗಳಿಂದಲೇ ರುಚಿ ತರುತ್ತಾರೆ. ಅಲ್ಲಿಯ ಮುಸಲ್ಮಾನರ ಮನೆಯಲ್ಲಿ ಪ್ರಾನ್ ಎಂಬ ಸಣ್ಣ ಜಾತಿಯ ಈರುಳ್ಳಿಯನ್ನು ಕರಿದು ಅರೆದು ಸೇರಿಸುವುದುಂಟು. ನಮ್ಮಲ್ಲಿ ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿ ಅದಕ್ಕೆ ಸಾಕು. ಎಂಟು ಹತ್ತನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಅರೆದು ಮೊಸರು ಕುದಿ ಬಂದ ಮೇಲೆ ಬೆರೆಸಬಹುದು. ನಾನು ಮೇಲೆ ಹೇಳಿದ್ದು ಎರಡೂ ಪದ್ಧತಿಗಳಿಗೆ ಹೊಂದುವ ನಡುದಾರಿ.

ಕೆಂಪು ಉಂಡೆ ಬೇಕೆನ್ನುವ ಮನೆಯವರಿಗೆ ಒಂದು ಮಾತು. ರಿಸ್ತಾದ ಕೆಂಪಿಗೆ ಅಲ್ಲಿ ಕಾಶ್ಮೀರದ ಮೆಣಸಿನಕಾಯಿಯನ್ನೂ ಮಾವಲ್ ಎಂಬ ಹೂವಿನ ಕಷಾಯವನ್ನೂ ಹಾಕುತ್ತಾರೆ. ಮಾವಲ್ ಎಂದರೆ ಬೇರೇನೂ ಅಲ್ಲ, ನಮ್ಮ ಹಿತ್ತಲಿನ ಕೋಳಿಜುಟ್ಟಿನ ಹೂವು! ಮೆಣಸಿನಕಾಯಿಗೂ ನಾವು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣದಲ್ಲಿ ಅದಕ್ಕೆ ಬಿಟ್ಟುಕೊಡದು, ಖಾರವೂ ಅಷ್ಟೇ ಸೌಮ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಎಂಟು ಮೆಣಸಿನಕಾಯಿಯ ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು, ತುಪ್ಪದಲ್ಲಿ ಹುರಿದು, ಎಲುಬಿನ ಕಟ್ಟಿನಲ್ಲಿ ಕುದಿಸಿ ಉಂಡೆ ಬಿಟ್ಟರಾಯಿತು, ಇದಕ್ಕೆ ಮೊಸರಿಲ್ಲ. ಗುಂಟೂರಿನ ಮೆಣಸಿನಕಾಯಿಯನ್ನು ಮಾತ್ರ ಇಲ್ಲಿ ತರಬೇಡಿ. ಬಳ್ಳಾರಿ ಕಡೆಯ ನಾಲಗೆಗೆ ಖಾರ ಪ್ರಿಯವೆಂಬುದನ್ನು ಬಲ್ಲೆ. ಆದರೆ ಈ ಅಡುಗೆಯ ಸೊಗಸು ಸೋಂಪು ಶುಂಠಿಗಳ ಮೆಲುಮಾತಿನಲ್ಲಿದೆ, ಅಲ್ಲಿ ಗುಂಟೂರು ಕೂಗಿದರೆ ಮತ್ತೇನೂ ಕೇಳಿಸದು.

ಕೊಚ್ಚಿದ ಮಾಂಸದ ಬಗ್ಗೆ ಅಲಕ್ಷ್ಯ ಕೂಡದು. ಇಡಿಯ ತುಂಡಿನಲ್ಲಿ ರೋಗಾಣುಗಳಿದ್ದರೆ ಸಾಮಾನ್ಯವಾಗಿ ಮೇಲ್ಮೈಯಲ್ಲಿರುತ್ತವೆ, ಬಿಸಿ ತಾಗಿದೊಡನೆ ಸಾಯುತ್ತವೆ. ಕುಟ್ಟಿದಾಗ ಹೊರಗಿದ್ದುದೆಲ್ಲ ಒಳಗೆ ಸೇರುತ್ತದೆ. ಆದ್ದರಿಂದ ಕೈಮವನ್ನು ತಂಪುಪೆಟ್ಟಿಗೆಯ ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಬೇಸಗೆಯ ಬಿಸಿಯಲ್ಲಿ ಒಂದೇ ತಾಸು. ಕುಟ್ಟಿದ ಒರಳು, ಕತ್ತಿ, ಹಲಗೆಗಳನ್ನು ಕುದಿನೀರಿನಿಂದ ತೊಳೆಯುವ ಮೊದಲು ಕೋಸಂಬರಿಯ ಸೌತೆಕಾಯಿಯನ್ನು ಅದರ ಮೇಲೆ ಹೆಚ್ಚಕೂಡದು. ಉಂಡೆಯ ನಡುಭಾಗವು 71 ಡಿಗ್ರಿ ಸೆಂಟಿಗ್ರೇಡ್ ಮುಟ್ಟಬೇಕೆಂಬುದು ಲೆಕ್ಕ. ಅಳೆಯುವ ಸಾಧನವಿಲ್ಲದವರು ಒಂದನ್ನು ಮುರಿದು ನೋಡಬೇಕು. ನಡುವೆ ಹಸಿಗೆಂಪು ಇದ್ದರೆ ಇನ್ನೂ ಬೇಯಲಿ. ಮಕ್ಕಳಿಗೂ ಬಸುರಿಯರಿಗೂ ಬಡಿಸುವ ಮನೆಯಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಬಡಿಸುವುದು ಅನ್ನದೊಡನೆ. ಕಾಶ್ಮೀರದವರೂ ನಮ್ಮಂತೆ ಅನ್ನ ಉಣ್ಣುವ ಜನ, ಈ ಸಾರು ಹುಟ್ಟಿರುವುದೇ ಅನ್ನಕ್ಕಾಗಿ. ತುಂಗಭದ್ರೆಯ ಕಾಲುವೆಯ ನೀರುಂಡ ಕಂಪ್ಲಿಯ ಸೋನಾಮಸೂರಿಯನ್ನು ಸ್ವಲ್ಪ ಮೆತ್ತಗೆ ಮಾಡಿ, ಬಿಸಿಯಾಗಿರುವಾಗಲೇ ನಡುವೆ ಗುಳಿ ಮಾಡಿ ಸಾರು ಹೊಯ್ದು, ತಲೆಗೆ ಎರಡು ಉಂಡೆಯಂತೆ ಇಡಿ. ಪಕ್ಕಕ್ಕೆ ಮೂಲಂಗಿಯ ತುರಿ ಒಳ್ಳೆಯದು. ಉಪ್ಪಿನಕಾಯಿ, ಹಪ್ಪಳಗಳ ಗದ್ದಲ ಇದಕ್ಕೆ ಬೇಡ. ಮಿಕ್ಕರೆ ಆರಿದೊಡನೆ ತಂಪುಪೆಟ್ಟಿಗೆಗೆ ಸೇರಿಸಿ, ಮರುದಿನ ಸಣ್ಣ ಉರಿಯಲ್ಲಿ ತಿರುವುತ್ತ ಕಾಯಿಸಿ ಬಿಸಿ ಜೋಳದ ರೊಟ್ಟಿಯೊಡನೆ ಬಡಿಸಬಹುದು. ಆ ಹೊತ್ತಿಗೆ ಉಂಡೆ ಸಾರನ್ನು ಹೀರಿ ಇನ್ನೂ ಮಿದುವಾಗಿರುತ್ತದೆ. ಸಾರು ಗಟ್ಟಿಯಾಗಿದ್ದರೆ ಎಲುಬಿನ ಕಟ್ಟನ್ನು ಎರಡು ಸೌಟು ಸೇರಿಸಿಕೊಳ್ಳಿ, ನೀರನ್ನಲ್ಲ.